ಕಮಾನು ಓಣಿಯ ಹನ್ನೆರಡನೇ ಮಾತ್ರೆ

ಪಾಲುಪೆಟ್ಟಿಗೆ ಬಂದ ಮೇಲೆ ಕಮಾನು ಓಣಿಗೆ ಮೀಟರು ಓದುವವನು ಬರುವುದು ನಿಂತಿತು. ಚಿತ್ರದುರ್ಗದ ಸುತ್ತಲ ಗುಡ್ಡಗಳ ಗಾಳಿಯಂತ್ರಗಳೂ ಮನೆಮನೆಯ ಮಾಳಿಗೆಯ ಸೋಲಾರ್ ಹಲಗೆಗಳೂ ಹಗಲೆಲ್ಲ ದುಡಿದ ವಿದ್ಯುತ್ತು ಓಣಿಯ ತುದಿಯ ದೊಡ್ಡ ಬ್ಯಾಟರಿಯಲ್ಲಿ ತುಂಬಿಕೊಳ್ಳುತ್ತಿತ್ತು. ಸಂಜೆ ಆರರಿಂದ ಎಂಟು, ಅದನ್ನು ಹಂಚುವ ಹೊತ್ತು. ಒಂದೊಂದು ಮನೆಯ ಜಗುಲಿಯ ಗೋಡೆಗೂ ತೆಂಗಿನಕಾಯಿ ಗಾತ್ರದ ಒಂದು ಬೂದು ಪೆಟ್ಟಿಗೆ. ಈ ಗಳಿಗೆಗೆ ತನ್ನ ಮನೆಗೆ ಇಷ್ಟು ಬೇಕೆಂದು ಅದು ಕೇಳುತ್ತದೆ. ಪಕ್ಕದ್ದು ತನ್ನದನ್ನು ಕೇಳುತ್ತದೆ. ಸರದಿ ಓಣಿಯುದ್ದಕ್ಕೂ ಸಾಗಿ, ಇದ್ದದ್ದರಲ್ಲಿ ಎಲ್ಲರಿಗೂ ಸರಿದೂಗಿ ಪಾಲು ಆಗುತ್ತದೆ. ಅವು ಮಾತಾಡಿಕೊಳ್ಳುವುದು ನೆಲಕ್ಕಿಳಿದ ಅರ್ಥಿಂಗ್ ತಂತಿಯ ಮೂಲಕ, ಮನುಷ್ಯರ ಕಿವಿಗೆ ಬೀಳದ ಸಣ್ಣ ಮಿಡಿತಗಳಲ್ಲಿ.

ಮನುಷ್ಯರೇ ಕೂತು ಹಂಚಿಕೊಳ್ಳುವ ಹಾಗಿದ್ದರೆ ದಿನಾ ಪಂಚಾಯ್ತಿ ಸೇರಬೇಕಾಗುತ್ತಿತ್ತು. ಪೆಟ್ಟಿಗೆಗಳು ಜಗಳವಾಡಲಿಲ್ಲ. ಜನವೂ ಹೊಂದಿಕೊಂಡರು. ಇಸ್ತ್ರಿ ಬೆಳಗಿನ ಕೆಲಸವಾಯಿತು. ಸಂಜೆ ಮಿಕ್ಸಿ ಹಾಕುವ ಮುಂಚೆ ಫ್ಯಾನು ಆರಿಸುವುದು ರೂಢಿಯಾಯಿತು. ಹೆಣ್ಣು ನೋಡಲು ಬಂದವರು ಕಾಫಿ ಕುಡಿಯುತ್ತ, “ನಿಮ್ಮ ಓಣಿ ಬ್ಯಾಟರಿ ಎಷ್ಟು ದೊಡ್ಡದು?” ಎಂದು ಕೇಳುವಲ್ಲಿಗೆ ಬಂತು.

ಓಣಿಯ ಐದನೇ ಮನೆ ರುಕ್ಮಾಂಗದನದು. ಐವತ್ತಾರು ವರ್ಷ, ಕೈಗಡಿಯಾರ ರಿಪೇರಿ ಮಾಡುವವನು. ಮನೆಯಲ್ಲಿ ಅವನೂ ಅವನಿಗಿಂತ ಹನ್ನೆರಡು ವರ್ಷ ದೊಡ್ಡವಳಾದ ಅಕ್ಕ ತುಂಗಮ್ಮನೂ. ತುಂಗಮ್ಮ ಗಮಕಿ. ಕಾರ್ತೀಕ ಮಾಸ ಹಿಡಿಯಿತೆಂದರೆ ತಿಂಗಳು ಪೂರ್ತಿ, ದೀಪ ಹಚ್ಚುವ ಹೊತ್ತಿಗೆ, ತಮ್ಮ ಜಗುಲಿಯಲ್ಲೇ ಕೂತು ಕಾವ್ಯ ಓದುತ್ತಿದ್ದರು. ಓಣಿಯವರು ಮೆಟ್ಟಿಲ ಮೇಲೆ, ಎದುರು ಮನೆಯ ಕಟ್ಟೆಯ ಮೇಲೆ ಕೂತು ಕೇಳುತ್ತಿದ್ದರು.

ವಯಸ್ಸಾದಂತೆ ಅವರ ಶ್ರುತಿ ಇಳಿಯತೊಡಗಿತು. ಇಳಿದದ್ದು ತೊಂದರೆಯಲ್ಲ. ಒಂದೊಂದು ದಿನ ಒಂದೊಂದು ಕಡೆ ನಿಲ್ಲುತ್ತಿತ್ತು, ಶ್ರುತಿಗೆಂದು ಇಟ್ಟಿದ್ದ ಹಾರ್ಮೋನಿಯಂನ ಎರಡು ಕೀಲಿಗಳ ನಡುವೆ ಎಲ್ಲೋ. “ಈ ಹಾರ್ಮೋನಿಯಂ ತನ್ನ ಜಾಗ ಬಿಟ್ಟು ಕದಲಲ್ಲ, ನನ್ನ ಗಂಟಲು ಅದರ ಜಾಗಕ್ಕೆ ಹತ್ತಲ್ಲ,” ಎಂದು ಒಂದು ಕಾರ್ತೀಕದಲ್ಲಿ ಪುಸ್ತಕ ಮುಚ್ಚಿ ಎದ್ದರು. ಓದು ನಿಂತೇಹೋಗುವುದೇನೋ ಎಂದು ರುಕ್ಮಾಂಗದನಿಗೆ ಹೆದರಿಕೆಯಾಯಿತು. ಆ ಹೆದರಿಕೆಯಲ್ಲೇ ಅವನು ಸಿಂಥಸೈಜರ್ ಕಟ್ಟಲು ಹೊರಟದ್ದು.

ಬಿಡಿಬಿಡಿ ಭಾಗಗಳ ಯಂತ್ರ ಅದು. ಒಂದೊಂದು ಭಾಗಕ್ಕೆ ಒಂದೇ ಕೆಲಸ. ಮಧ್ಯೆ ಬಣ್ಣಬಣ್ಣದ ತಂತಿಗಳು. ಸ್ವರ ಹುಟ್ಟಿಸುವ ಭಾಗಗಳು ಮೂರು. ಗುಂಡಿ ಕೂದಲೆಳೆಯಷ್ಟು ತಿರುಗಿಸಿದರೆ ಸ್ವರವೂ ಕೂದಲೆಳೆಯಷ್ಟೇ ಇಳಿಯುತ್ತಿತ್ತು. ಕರ್ಕಶವಾದದ್ದನ್ನು ಸೋಸುವ ಭಾಗಕ್ಕೆ ತುಂಗಮ್ಮ ಜರಡಿ ಎಂದು ಹೆಸರಿಟ್ಟರು. ಸ್ವರವನ್ನು ನಿಧಾನಕ್ಕೆ ತೂಗುವುದು ಉಯ್ಯಾಲೆ. ಬಿಡುವುದು, ಮುಚ್ಚುವುದು ಮಾಡುವುದು ಬಾಗಿಲು. ಇಡೀ ಯಂತ್ರ ಅಮ್ಮನ ಕಾಲದ ಪಾತ್ರೆ ಕಪಾಟಿನೊಳಗೆ ಕೂತಿತ್ತು. ಕಟ್ಟಲು ನಾಲ್ಕು ವರ್ಷ ಹಿಡಿಯಿತು. ಹೋದ ವರ್ಷದ ಆಯುಧಪೂಜೆಯ ದಿನ ಅರಿಶಿನ ಕುಂಕುಮ ಹಚ್ಚಿ, ಊರಿನ ಪೆಟ್ಟಿಗೆಗಳನ್ನು ನೋಡಿಕೊಳ್ಳುವ ಪಾಲು ಕೇಂದ್ರದಲ್ಲಿ ಅದನ್ನು ಮನೆಯಲ್ಲೇ ಕಟ್ಟಿದ ಯಂತ್ರವೆಂದು ನೋಂದಾಯಿಸಿ, ಮೊದಲ ಸಲ ಚಾಲೂ ಮಾಡಿದರು.

ಶ್ರುತಿ ತುಂಬಿಕೊಂಡು ಬಂತು. ತುಂಗಮ್ಮ ಕಣ್ಣು ಮುಚ್ಚಿದರು. ಆರು ಗಂಟೆಯಾಯಿತು. ಶ್ರುತಿಯ ಹಿಂದೆ ಎಲ್ಲಿಂದಲೋ, ಟಿಕ್ ಟಿಕ್ ಟಿಕ್ ಎಂದು ಸಣ್ಣ ಸದ್ದು ಶುರುವಾಯಿತು.

ಅಂದಿನಿಂದ ಒಂದು ವರ್ಷ ರುಕ್ಮಾಂಗದ ಆ ಸದ್ದಿನ ಬೆನ್ನು ಹತ್ತಿದ್ದ. ಮೊದಲು ತಂತಿಗಳನ್ನು ಬದಲಿಸಿದ. ಆಮೇಲೆ ಸ್ವರದ ಭಾಗಗಳನ್ನು ಒಂದೊಂದಾಗಿ ಕಿತ್ತು ನೋಡಿದ; ಮೂರನ್ನೂ ಕಿತ್ತರೂ ಸದ್ದು ಇತ್ತು. ಜರಡಿಯನ್ನು ಬಿಗಿ ಮಾಡಿದರೆ ಸದ್ದಿನ ಜೊತೆ ಶ್ರುತಿಯ ಕಳೆಯೂ ಹೋಗುತ್ತಿತ್ತು. ಹೊಸ ಪವರ್ ಸಪ್ಲೈ ಕೂರಿಸಿದ. ದೀಪ ಹಚ್ಚುವ ಹೊತ್ತಿಗೇ ಶುರುವಾಗುತ್ತದಲ್ಲ ಎಂದು ಒಂದು ವಾರ ಅಕ್ಕನಿಗೆ ಪೂಜೆಯ ಗಂಟೆ ಬಾರಿಸಬೇಡ ಎಂದ. “ನಿನ್ನ ಕಪಾಟಿಗೋಸ್ಕರ ದೇವರು ಗಂಟೆ ಇಲ್ಲದೆ ಉಣ್ಣಬೇಕೇನೋ?” ಎಂದು ಬೈದರೂ ತುಂಗಮ್ಮ ಒಂದು ವಾರ ಬಾರಿಸಲಿಲ್ಲ. ಸದ್ದು ನಿಲ್ಲಲಿಲ್ಲ.

ಅದು ಅರ್ಥಿಂಗ್ ತಂತಿಯಿಂದ ಬರುತ್ತಿದೆ ಎಂಬುದಂತೂ ಗೊತ್ತಾಯಿತು. ಬಿಚ್ಚಿದರೆ ಟಿಕ್ ಹೋಗಿ, ಅದರ ಬದಲು ಗುಂಯ್ ಎಂದು ದೊಡ್ಡ ಸದ್ದು ಬಂದು, ಮುಟ್ಟಿದರೆ ಕೈ ಜುಮ್ಮೆನ್ನುತ್ತಿತ್ತು. ಆ ಊರಲ್ಲಿ ಮೂರಡಿ ಅಗೆದರೆ ಬಂಡೆ; ಒಳ್ಳೆಯ ಅರ್ಥಿಂಗ್ ಸಿಗುವುದು ಕಷ್ಟ. ವರ್ಷವಿಡೀ ತೇವವಿರುವ ಮಣ್ಣೆಂದರೆ ಹಿತ್ತಿಲ ತುಳಸಿಕಟ್ಟೆಯದು ಮಾತ್ರ; ಅಕ್ಕ ನೀರು ತಪ್ಪಿಸಿದ ದಿನವಿಲ್ಲ. ಅದಕ್ಕೇ ಅವನು ತಾಮ್ರದ ಸರಳನ್ನು ಅಲ್ಲಿ ನೆಟ್ಟಿದ್ದ. ಮಣ್ಣಿನ ದೋಷವಿರಬೇಕೆಂದು ಉಪ್ಪು, ಇದ್ದಿಲು ಹಾಕಿ ಬೇರೆ ಎರಡು ಗುಂಡಿ ತೋಡಿ ನೋಡಿದ. ಒಣನೆಲದಲ್ಲಿ ಟಿಕ್ ಸದ್ದೂ ಇತ್ತು, ಗುಂಯ್ ಸದ್ದೂ ಸೇರಿತು. ಮತ್ತೆ ತುಳಸಿಯ ಬುಡಕ್ಕೇ ಬಂದ.

ಈ ವರ್ಷ ದೀಪಾವಳಿಗೆ ಮುಂಚಿನ ಮಂಗಳವಾರ, ಪಾಲು ಕೇಂದ್ರದಿಂದ ಫರ್ಹಾನಾ ಎಂಬ ಎಂಜಿನಿಯರ್ ಬಂದಳು. ಮೂವತ್ತರ ಆಸುಪಾಸಿನ ಹುಡುಗಿ, ಕೈಯಲ್ಲೊಂದು ನೋಟೀಸು. ತಾನು ಹೇಳಬೇಕಾದದ್ದು ಅವಳಿಗೇ ಇಷ್ಟವಿದ್ದಂತೆ ಕಾಣಲಿಲ್ಲ.

“ಸರ್, ವರ್ಷದ ತಪಾಸಣೆಯಲ್ಲಿ ನಿಮ್ಮ ಓಣಿ ಹಳದಿ ಬಂದಿದೆ. ಪೆಟ್ಟಿಗೆಗಳ ಸರದಿ ಪ್ರತಿ ಸುತ್ತಿನಲ್ಲೂ ಒಂದು ಕಡೆ ತಡವರಿಸ್ತಿದೆ. ಹೋದ ವರ್ಷದ ಆಯುಧಪೂಜೆ ದಿನದಿಂದ. ಅದೇ ದಿನ ಈ ಓಣೀಲಿ ಒಂದು ಹೊಸ ಯಂತ್ರ ನೋಂದಣಿ ಆಗಿದೆ.” ಅವಳು ಕಪಾಟಿನತ್ತ ನೋಡಿದಳು. “ಇದೇ.”

“ಮೇಡಂ, ಇದು ಕೇಳಿಸಿಕೊಳ್ತಿದೆಯೇ ಹೊರತು ಏನನ್ನೂ ಕಳಿಸ್ತಿಲ್ಲ.”

“ಇರಬಹುದು ಸರ್. ಕಂಪ್ಯೂಟರ್ ನಂಬಲ್ಲ. ಶುಕ್ರವಾರ ಸಂಜೆ ಐದಕ್ಕೆ ಸೀಲ್ ಮಾಡಬೇಕು. ಅಷ್ಟರಲ್ಲಿ ತೊಡಕು ಬೇರೆ ಕಡೆಯಿಂದ ಅಂತ ತೋರಿಸಿದ್ರೆ ನೋಟೀಸು ನಾನೇ ಹರೀತೀನಿ.”

ಒಳಗಿನಿಂದ ಮಜ್ಜಿಗೆ ತಂದ ತುಂಗಮ್ಮ, “ಶುಕ್ರವಾರ ಕಾರ್ತೀಕದ ಮೊದಲ ದಿನ ಕಣಮ್ಮಾ. ಆರಕ್ಕೆ ಓದು ಶುರು ಮಾಡಬೇಕು,” ಎಂದರು.

ಫರ್ಹಾನಾ ಲೋಟ ತಗೊಂಡು, “ಗೊತ್ತು ಅಜ್ಜಿ. ನಮ್ಮಮ್ಮ ಹಿಂದಿನ ಬೀದಿ ಕಿಟಕಿಯಿಂದ ಕೇಳ್ತಿದ್ರು,” ಎಂದಷ್ಟೇ ಹೇಳಿ ತಲೆ ತಗ್ಗಿಸಿ ಕುಡಿದಳು.

ಮರುದಿನ ಸಂಜೆ ಆರಕ್ಕೆ ಸದ್ದು ಎಂದಿನಂತೆ ಹಿಡಿಯಿತು. ರುಕ್ಮಾಂಗದ ಸ್ಕ್ರೂಡ್ರೈವರ್ ಹಿಡಿದು ಕಪಾಟಿನ ಮುಂದೆ ಕೂತಿದ್ದ. ಎಲ್ಲ ಬಿಚ್ಚಿ ಮೊದಲಿನಿಂದ ಕಟ್ಟುವುದೆಂದು ತೀರ್ಮಾನಿಸಿದ್ದ. ಎರಡು ದಿನದಲ್ಲಿ ಆಗದ ಕೆಲಸವೆಂದೂ ಅವನಿಗೆ ಗೊತ್ತಿತ್ತು.

“ಕೀಳೋಕ್ ಮುಂಚೆ ನನಗೊಂದ್ಸಲ ಆ ಸದ್ದು ಕೇಳಿಸೋ,” ಎಂದರು ತುಂಗಮ್ಮ.

“ಒಂದು ವರ್ಷದಿಂದ ಕೇಳ್ತಾನೇ ಇದೀಯಲ್ಲೇ ಅಕ್ಕಾ.”

“ಎಲ್ಲಿ ಕೇಳ್ದೆ? ಶ್ರುತಿ ಹಿಡಿದು ಕೂತಾಗ ಅದು ಕೇಳಿಸಬಾರದು ಅಂತ ಕಿವಿ ಮುಚ್ಚಿಕೊಂಡೇ ಕೂತಿದ್ದೆ. ಶ್ರುತಿ ಮುಚ್ಚು. ಅದೊಂದನ್ನೇ ಬಿಡು.”

ಅವನು ಸ್ವರಗಳ ಬಾಗಿಲು ಮುಚ್ಚಿ, ಉಳಿದದ್ದನ್ನು ಜೋರು ಮಾಡಿದ. ಖಾಲಿ ಕೋಣೆಯಲ್ಲಿ ಟಿಕ್ಕುಗಳು ಒಂದರ ಹಿಂದೊಂದು ಬಿದ್ದವು. ತುಂಗಮ್ಮ ಗೋಡೆಗೊರಗಿ ಕಣ್ಣು ಮುಚ್ಚಿದರು. ಬಲಗೈ ಬೆರಳು ತೊಡೆಯ ಮೇಲೆ ಆಡತೊಡಗಿತು. ಎಂಟು ವರ್ಷದ ಹುಡುಗಿಯಾಗಿದ್ದಾಗಿಂದ ಅಪ್ಪ ಓದುವುದನ್ನು ಕೇಳುತ್ತ ಕೂತು ಬಂದ ಅಭ್ಯಾಸ. ಮೊದಲು ಬೆರಳಿಗೆ ತಿಳಿಯುತ್ತಿತ್ತು, ಆಮೇಲೆ ಅವರಿಗೆ.

“ಮೂರು… ನಾಲ್ಕು… ಮೂರು… ಏ ರುಕ್ಕೂ, ಇದು ಷಟ್ಪದಿ ನಡೆ ಕಣೋ!”

“ನಿನಗೆ ಎಲ್ಲಾನೂ ಷಟ್ಪದಿ. ಮೊನ್ನೆ ಕುಕ್ಕರ್ ಸೀಟಿನೂ ಭಾಮಿನಿ ಅಂದೆ.”

“ಸುಳ್ಳು. ಕುಕ್ಕರ್ ವಾರ್ಧಕ ಅಂದಿದ್ದೆ. ಇದು ಭಾಮಿನಿ. ಸುಮ್ಮನೆ ಕೇಳು.” ಅವರು ಟಿಕ್ಕಿನ ಜೊತೆಗೇ ಬಾಯಲ್ಲಿ ಹೇಳಿದರು: “ತಕಿಟ ತಕಧಿಮಿ ತಕಿಟ… ತ — ಧಿಮಿ. ನೋಡು, ಅಲ್ಲಿ! ತಕಿಟ ತಕಧಿಮಿ ತಕಿಟ… ತ — ಧಿಮಿ. ಹದಿನಾಲ್ಕು ಮಾತ್ರೆ ಇರಬೇಕು ಸಾಲಿಗೆ. ಹನ್ನೆರಡನೇದು ಇಲ್ಲ. ಅದರ ಜಾಗ ಇದೆ, ಅದಿಲ್ಲ. ಈ ಕುಂಟು ನಡೆಗೇ ಕಣೋ ನಾನು ಓದೋವಾಗ ಎಡವ್ತಿದ್ದದ್ದು. ಗಮಕಕ್ಕೆ ತಾಳ ಬೇಡ, ನಡೆ ಬೇಕಲ್ಲ.”

ರುಕ್ಮಾಂಗದ ಸ್ಕ್ರೂಡ್ರೈವರ್ ಕೆಳಗಿಟ್ಟ.

“ನಿನ್ನ ಯಂತ್ರದಲ್ಲಿ ಹದಿನಾಲ್ಕು ಏನಿದೆ?” ಎಂದು ಅಕ್ಕ ಕೇಳಿದರು.

“ಏನೂ ಇಲ್ಲ. ಭಾಗ ಒಂಬತ್ತು. ತಂತಿ ಇಪ್ಪತ್ತೊಂದು.” ಎಂದವನು ಎದ್ದು ಜಗುಲಿಗೆ ಬಂದ. ಯೋಚನೆ ಹತ್ತದಾಗ ಓಣಿ ನೋಡುತ್ತ ನಿಲ್ಲುವುದು ಅವನ ರೂಢಿ. ಸಂಜೆಯ ಬೆಳಕಿತ್ತು. ಕಮಾನಿನ ಬಳಿ ಮೊದಲ ಕಂಬ. ಅದಕ್ಕೆ ಮೂರು ಮನೆಯ ತಂತಿ. ಎರಡನೇ ಕಂಬಕ್ಕೆ ನಾಲ್ಕು, ತನ್ನದೂ ಸೇರಿ. ಮೂರನೆಯದಕ್ಕೆ ಮೂರು. ಬ್ಯಾಟರಿಯ ಬಳಿಯ ಕೊನೆಯ ಕಂಬಕ್ಕೆ ನಾಲ್ಕು. ಹುಟ್ಟಿದಾಗಿಂದ ನೋಡಿದ ಓಣಿ. ಅವನು ಬೆರಳು ಮಡಚಿ ಇನ್ನೊಮ್ಮೆ ಎಣಿಸಿದ. ಒಟ್ಟು ಹದಿನಾಲ್ಕು.

“ಅಕ್ಕಾ! ಕೇಳ್ತಾ ಇರು, ಏನು ಬದಲಾಯಿತು ಹೇಳು!”

ಪಾಲುಪೆಟ್ಟಿಗೆಯ ತಳದಲ್ಲೊಂದು ಕೆಂಪು ಗುಂಡಿಯಿತ್ತು. ಲೈನ್‌ಮನ್ನರು ಪರೀಕ್ಷೆಗೆ ಬಳಸುವುದು. ಒತ್ತಿ ಹಿಡಿದರೆ ವಿದ್ಯುತ್ತು ಹೋಗುವುದಿಲ್ಲ, ಪೆಟ್ಟಿಗೆ ಮಾತ್ರ ಒಂದೆರಡು ಸುತ್ತು ಬಾಯಿ ಮುಚ್ಚಿಕೊಂಡಿರುತ್ತದೆ. ರುಕ್ಮಾಂಗದ ಅದನ್ನು ಒತ್ತಿ ಹಿಡಿದ.

ಒಳಗಿನಿಂದ ತುಂಗಮ್ಮ ಕೂಗಿದರು: “ಅಯ್ಯೋ, ಈಗ ಮೊದಲನೇ ನಾಲ್ಕರಲ್ಲೂ ಎಡವಿತಲ್ಲೋ! ತಕಿಟ, ತ — ಧಿಮಿ, ತಕಿಟ, ತ — ಧಿಮಿ! ಏನು ಮಾಡ್ದೆ?”

ಅವನು ಗುಂಡಿ ಬಿಟ್ಟ. “ಈಗ?”

“ಬಂತು. ಐದನೇದು ಬಂತು.”

ಐದನೇ ಮನೆ. ರುಕ್ಮಾಂಗದನಿಗೆ ನಗು ಬಂತು. ಒಂದು ವರ್ಷ ಅವನು ದೋಷವೆಂದು ಹುಡುಕಿದ್ದು ಓಣಿ ಪಾಲು ಮಾಡಿಕೊಳ್ಳುವ ಸದ್ದನ್ನು. ತುಳಸಿಕಟ್ಟೆಯ ಒದ್ದೆ ಮಣ್ಣು ಹದಿಮೂರು ಮನೆಯ ಮಾತನ್ನು ತಂದು ಕಪಾಟಿಗೆ ಸುರಿಯುತ್ತಿತ್ತು. ಆಮೇಲೆ ಹನ್ನೆರಡನೇ ಮನೆ ಯಾರದೆಂದು ನೆನಪಾಗಿ ನಗು ನಿಂತಿತು.

ಪಾಲು ಕೇಂದ್ರದ ಕಂಟ್ರೋಲ್ ರೂಮಿನಲ್ಲಿ ಗೋಡೆಯಷ್ಟು ದೊಡ್ಡ ಪರದೆ. ಊರಿನ ಓಣಿಗಳೆಲ್ಲ ಅದರ ಮೇಲೆ ಹಸಿರು ಗೆರೆಗಳು. ಕಮಾನು ಓಣಿಯೊಂದು ಹಳದಿ. ಗುರುವಾರ ಬೆಳಿಗ್ಗೆ ರುಕ್ಮಾಂಗದನ ಫೋನು ಬಂದ ಮೇಲೆ ಫರ್ಹಾನಾ ಹನ್ನೆರಡನೇ ಪೆಟ್ಟಿಗೆಯ ವರ್ಷದ ದಾಖಲೆ ತೆಗೆದಳು. ಬೇಡಿಕೆ: ಸೊನ್ನೆ. ಮರುದಿನ: ಸೊನ್ನೆ. ವರ್ಷಪೂರ್ತಿ ಸೊನ್ನೆ. ಕೇಳದ ಮನೆಗೂ ಒಂದು ಬಲ್ಬು ಉರಿಯುವಷ್ಟು ಪಾಲನ್ನು ಪೆಟ್ಟಿಗೆಗಳು ತಾವಾಗಿ ಬಿಟ್ಟುಕೊಡುತ್ತವೆ. ಅಷ್ಟು ಮಾತ್ರ ಹೋಗಿತ್ತು. ಪ್ರತಿ ಸುತ್ತಿನಲ್ಲೂ ಉಳಿದ ಪೆಟ್ಟಿಗೆಗಳು ಹನ್ನೆರಡರ ಉತ್ತರಕ್ಕೆಂದು ಕ್ಷಣಕಾಲ ಕಾದು ಮುಂದೆ ಹೋಗುತ್ತಿದ್ದವು. ಆ ಕಾಯುವಿಕೆಯನ್ನೇ ಕಂಪ್ಯೂಟರ್ ತೊಡಕು ಎಂದು ಬರೆದಿತ್ತು.

“ಪಂಚಾಕ್ಷರಿ ಸರ್,” ಎಂದು ಅವಳು ಬೆನ್ನ ಹಿಂದಿನ ಮೇಜಿನವರನ್ನು ಕರೆದಳು. ಅವರು ಮಿತಬಳಕೆ ವಿಭಾಗದವರು. “ಕಮಾನು ಓಣಿ ಹನ್ನೆರಡನೇ ಮನೆ ನಿಮ್ಮ ಹತ್ರ ಏನಾದ್ರೂ ಇದೆಯಾ?”

“ಇರದೆ ಏನಮ್ಮಾ! ತಿಪ್ಪಮ್ಮ. ಇಡೀ ಊರಿಗೇ ಆದರ್ಶ ಮನೆ. ನಾನೇ ಹೋಗಿ ಸರ್ಟಿಫಿಕೇಟ್ ಕೊಟ್ಟು ಫೋಟೋ ಹೊಡಿಸಿಕೊಂಡು ಬಂದಿದೀನಿ.”

“ಸರ್, ಆಯಮ್ಮ ಮಿತವಾಗಿ ಬಳಸ್ತಿಲ್ಲ. ಆಯಮ್ಮನ ಪೆಟ್ಟಿಗೆಗೆ ಬಾಯಿ ಕಟ್ಟಿದೆ.”

ಪಂಚಾಕ್ಷರಿ ಕುರ್ಚಿ ತಿರುಗಿಸಿ ಪರದೆ ನೋಡಿದರು. “ಫೋಟೋ ಪೇಪರಿನಲ್ಲೂ ಬಂದಿತ್ತಲ್ಲಮ್ಮಾ,” ಎಂದರು.

ತಿಪ್ಪಮ್ಮ ಶೇಂಗಾ ಚಟ್ನಿಪುಡಿ ಮಾಡಿ ಮಂಡಕ್ಕಿ ಅಂಗಡಿಗಳಿಗೆ ಹಾಕಿ ಬದುಕುವ ಹೆಂಗಸು. ಅರವತ್ತು ದಾಟಿದೆ; ಒಂಟಿ. ಹಗಲು ಅಂಗಡಿಗಳ ತಿರುಗಾಟ, ಸಂಜೆ ಪುಡಿ ಮಾಡುವ ಕೆಲಸ. ಶುಕ್ರವಾರ ಬೆಳಿಗ್ಗೆ ರುಕ್ಮಾಂಗದ, ತುಂಗಮ್ಮ, ಫರ್ಹಾನಾ ಮೂವರೂ ಹೋದಾಗ ಅವಳು ಅಂಗಡಿಗಳಿಗೆ ಹೊರಡುವ ಮುಂಚೆ ಒರಳು ತೊಳೆಯುತ್ತ ಕೂತಿದ್ದಳು. ಬಲಗೈ ಮಣಿಕಟ್ಟಿಗೆ ಬಟ್ಟೆ ಸುತ್ತಿತ್ತು. ಗೋಡೆಯ ಮೇಲೆ ಕಟ್ಟು ಹಾಕಿಸಿದ ಸರ್ಟಿಫಿಕೇಟು. ಅದಕ್ಕೊಂದು ಪ್ಲಾಸ್ಟಿಕ್ ಹಾರ.

“ಬರ್ರಿ ತುಂಗಮ್ಮಾರೇ! ಇದೇನು, ದಂಡು ಕಟ್ಕೊಂಡ್ ಬಂದೀರಿ? ಇವತ್ತು ಓದ್ತೀರಂತಲ್ಲ, ನಾನ್ ಬರಾಕಾಗಲ್ಲ ಕಣವ್ವ. ಸಂಜೆ ಆದ್ರೆ ಇದರ ಮುಂದೇ ಬಿದ್ದಿರ್ತೀನಿ.”

“ಮಿಕ್ಸಿ ಇಲ್ವೇನೇ ತಿಪ್ಪಮ್ಮಾ?”

“ಐತೆ. ಹಾಕಿದ್ರೆ ಎಲ್ಡ್ ಸುತ್ತು ತಿರುಗಿ ನಿಂತೋಗ್ತದೆ. ಒಂಟಿ ಹೆಂಗ್ಸಿಗೆ ಅಷ್ಟೇ ಪಾಲು ಅಂತ ಸುಮ್ಕಾದೆ.”

“ಯಾರನ್ನಾದ್ರೂ ಕೇಳಬಾರದಿತ್ತಾ?” ಎಂದಳು ಫರ್ಹಾನಾ.

“ಯಾರ್ನ ಕೇಳ್ಲವ್ವ? ಪೆಟ್ಗೆ ನ್ಯಾಯವಾಗಿ ಹಂಚ್ತೈತೆ ಅಂತ ನಿಮ್ಮೋರೇ ಮೈಕ್ ಹಿಡ್ದು ಹೇಳಿದ್ರು. ನ್ಯಾಯವಾಗಿ ಹಂಚಿದ್ನ ಕಮ್ಮಿ ಆತು ಅಂದ್ರೆ ಆಸೆಬುರುಕಿ ಆಗಲ್ವಾ ನಾನು? ಅದೂ ಅಲ್ದೆ ಆವಯ್ಯ ಬಂದು ಪಟ ಬೇರೆ ಕೊಟ್ಟೋದ.”

ಫರ್ಹಾನಾ ಜಗುಲಿಗೆ ಹೋಗಿ ಪೆಟ್ಟಿಗೆ ನೋಡಿದಳು. ಅಷ್ಟು ಚೆಂದದ ಪಾಲುಪೆಟ್ಟಿಗೆ ಊರಲ್ಲಿ ಇನ್ನೊಂದಿರಲಿಲ್ಲ. ಬೂದು ಬಣ್ಣದ ಮೇಲೆ ಮೂರು ಪಟ್ಟೆ ವಿಭೂತಿ, ನಡುವೆ ಕುಂಕುಮ, ಅಂಚಿಗೆಲ್ಲ ಹೊಸ್ತಿಲಿಗೆ ಬಳಿಯುವ ಕೆಂಪು ಎಣ್ಣೆಬಣ್ಣ. ಅರ್ಥಿಂಗ್ ತಂತಿ ಗೋಡೆಗಿಳಿಯುವ ಕಡೆ ಅದನ್ನು ಕಚ್ಚಿ ಹಿಡಿದ ತಾಮ್ರದ ಹಿಡಿಕೆಗೂ ಎರಡು ಕೋಟು ಕೆಂಪು.

“ಇದನ್ನ ಯಾವಾಗ ಹಚ್ಚಿದ್ರಿ ಅಮ್ಮಾ?”

“ಹೋದೊರ್ಷ ಆಯುಧಪೂಜೆಗೆ. ಆ ತಾಮ್ರ ಕಿಲುಬು ಹಿಡಿದಿತ್ತು. ಸ್ಕ್ರೂ ಬಿಚ್ಚಿ, ಹುಣಸೆಹಣ್ಣು ಹಾಕಿ ತಿಕ್ಕಿ, ಮತ್ತೆ ಹಿಡೀಬಾರ್ದು ಅಂತ ಒಳಗೂ ಹೊರಗೂ ಬಣ್ಣ ಹೊಡ್ದು, ಮತ್ತೆ ಹಂಗೇ ಕೂರಿಸ್ದೆ. ಓಣಿಗೆ ಅನ್ನ ಹಾಕೋ ಪೆಟ್ಗೆ ಅಲ್ವಾ? ಎಲ್ರೂ ಕುಂಕುಮ ಹಚ್ಚಿ ಕೈ ತೊಳ್ಕಂಡ್ರು, ನಾನು ಸ್ವಲ್ಪ ಜಾಸ್ತಿ ಮಾಡಿದೆ.”

ಬಣ್ಣದ ಪದರ ದಾಟಿ ಮಿಡಿತ ಹೋಗುವುದಿಲ್ಲ. ಆ ಪೆಟ್ಟಿಗೆ ಒಂದು ವರ್ಷ ದಿನಾ ಸಂಜೆ ತನ್ನ ಮನೆಗಾಗಿ ಕೇಳಿದೆ. ಕೇಳಿದ್ದು ಕೆಂಪು ಬಣ್ಣದೊಳಗೇ ಉಳಿದಿದೆ.

“ಇದನ್ನ ಉಜ್ಜಬೇಕು,” ಎಂದ ರುಕ್ಮಾಂಗದ.

“ಕುಂಕುಮಾನಾ?” ತಿಪ್ಪಮ್ಮ ಗಾಬರಿಯಾದಳು.

“ಕುಂಕುಮ ಇರಲಿ. ಈ ಹಿಡಿಕೆಯ ಬಣ್ಣ ಮಾತ್ರ.”

“ಉಜ್ಜಿದ್ರೆ ಪಟ ವಾಪಸ್ ಇಸ್ಕಂತಾರಾ?”

ಫರ್ಹಾನಾ ಮುಖ ಆ ಕಡೆ ತಿರುಗಿಸಿಕೊಂಡಳು. “ಇಲ್ಲಮ್ಮಾ. ಇಟ್ಕೊಳ್ಳಿ. ನಮ್ಮ ಸರ್ ನಿಮ್ಮನ್ನ ಕೇಳೋ ಮುಖ ಇಟ್ಕೊಂಡಿಲ್ಲ.” ಆಮೇಲೆ ರುಕ್ಮಾಂಗದನನ್ನು ಪಕ್ಕಕ್ಕೆ ಕರೆದು ತಗ್ಗಿದ ದನಿಯಲ್ಲಿ ಹೇಳಿದಳು: “ಸರ್, ಒಂದು ಮಾತು. ಈ ಪೆಟ್ಟಿಗೆ ಕೇಳೋಕೆ ಶುರು ಮಾಡಿದ್ರೆ ಬ್ಯಾಟರಿ ದೊಡ್ಡದಾಗಲ್ಲ. ಉಳಿದವರಿಗೆ ಅಷ್ಟಷ್ಟು ಕಮ್ಮಿಯಾಗುತ್ತೆ. ಪೆಟ್ಟಿಗೆಗಳು ಮೊದಲು ದೀಪ, ಅಡುಗೆ, ಕಸುಬು ನೋಡ್ತವೆ. ಸಂಗೀತದ ಯಂತ್ರ ಕೊನೇಲಿ. ಸೀಲ್ ಬೀಳಲ್ಲ. ಆದ್ರೆ ಈಕೆ ಮಿಕ್ಸಿ ಹಾಕಿದಾಗ ನಿಮ್ಮ ಕಪಾಟು ಆರಿಹೋಗಬಹುದು. ಈ ವರ್ಷ ಅದು ಸಂಜೆ ಹೊತ್ತು ನಡೆದದ್ದು ಈಕೆಗೆ ಸಿಗದೆ ಹೋದ ಪಾಲಿನಲ್ಲಿ.”

ರುಕ್ಮಾಂಗದ ತಿಪ್ಪಮ್ಮನ ಮಣಿಕಟ್ಟಿನ ಬಟ್ಟೆ ನೋಡಿದ. ಅಕ್ಕನ ಮುಖ ನೋಡಿದ, ಅವರಿಗೂ ಕೇಳಿಸಿತ್ತು.

“ಉಪ್ಪುಕಾಗದ ತಂದಿದೀಯೇನೋ?” ಎಂದರು ತುಂಗಮ್ಮ.

ಅವನು ಜೇಬಿನಿಂದ ಉಪ್ಪುಕಾಗದ ತೆಗೆದು, ಗಡಿಯಾರದ ಹಲ್ಲುಚಕ್ರ ಒರೆಸುವಷ್ಟೇ ಜೋಪಾನವಾಗಿ, ಒಳಗೂ ಹೊರಗೂ ತಾಮ್ರ ಹೊಳೆಯುವವರೆಗೆ ಉಜ್ಜಿದ.

ಸಂಜೆ ಐದಕ್ಕೆ ಫರ್ಹಾನಾ ಸೀಲು ತರದೆ ತನ್ನ ಅಮ್ಮನನ್ನು ಕರೆದುಕೊಂಡು ಬಂದಳು. ನೋಟೀಸು ಹರಿದದ್ದನ್ನು ತುಂಗಮ್ಮ ಒಲೆಗೆ ಹಾಕಿದರು. ಆರಕ್ಕೆ ದೀಪ ಹಚ್ಚಿ, ಮನಸಾರೆ ಗಂಟೆ ಬಾರಿಸಿ, ಜಗುಲಿಗೆ ಬಂದು ಕೂತರು. ಓಣಿಯವರು ಸೇರಿದ್ದರು. ರುಕ್ಮಾಂಗದ ಗುಂಡಿಯನ್ನು ಅಕ್ಕನ ಗಂಟಲು ಅಂದು ನಿಂತ ಕಡೆಗೆ, ಕೂದಲೆಳೆಯಷ್ಟು ಇಳಿಸಿದ. ಶ್ರುತಿ ಎದ್ದಿತು. ಅದರ ಹಿಂದೆ ಟಿಕ್ಕುಗಳು ಬಂದವು: ಮೂರು, ನಾಲ್ಕು, ಮೂರು, ನಾಲ್ಕು. ಎಲ್ಲೂ ಎಡವಲಿಲ್ಲ.

“ಈಗ ಕಾರಣ ಗೊತ್ತಲ್ಲ, ಸಣ್ಣ ಟ್ರಾನ್ಸ್‌ಫಾರ್ಮರ್ ಹಾಕಿ ಈ ಟಿಕ್ಕು ನಿಲ್ಲಿಸಿಬಿಡ್ಲಾ?” ಎಂದು ಅವನು ಪಿಸುಗುಟ್ಟಿದ.

“ಬೇಡ ಬಿಡು. ನೇರ ನಡೆಯೋರ ಜೊತೆ ನಡೆಯೋಕೆ ನನಗೇನು ಕಷ್ಟ?” ಎಂದು ತುಂಗಮ್ಮ ಪುಸ್ತಕ ಬಿಚ್ಚಿದರು.

ನಾಲ್ಕನೇ ಪದ್ಯದ ನಡುವೆ ಓಣಿಯ ಆ ತುದಿಯಿಂದ ಮಿಕ್ಸಿಯ ಸದ್ದು ಬಂತು. ಎರಡು ಸುತ್ತಿಗೆ ನಿಲ್ಲಲಿಲ್ಲ. ಕಪಾಟಿನ ಸಣ್ಣ ದೀಪಗಳು ಒಂದೊಂದಾಗಿ ಆರಿದವು. ಉಯ್ಯಾಲೆ ನಿಂತಿತು, ಜರಡಿ ನಿಂತಿತು, ಶ್ರುತಿ ಸಣ್ಣಗಾಗಿ ಇಲ್ಲವಾಯಿತು. ಕೇಳುತ್ತಿದ್ದವರು ತಿರುಗಿ ರುಕ್ಮಾಂಗದನನ್ನು ನೋಡಿದರು. ಹೋದ ವರ್ಷವೆಲ್ಲ ಅವನು ಒಂದು ಟಿಕ್ಕಿಗೂ ಎದ್ದು ಓಡುತ್ತಿದ್ದದ್ದು ಅವರಿಗೆ ಗೊತ್ತಿತ್ತು.

ಅವನು ಏಳಲಿಲ್ಲ. ಕಂಬಕ್ಕೆ ಒರಗಿ, ಕೈಕಟ್ಟಿ, ಮಿಕ್ಸಿ ಹಾಡುವುದನ್ನೂ ಅಕ್ಕ ಓದುವುದನ್ನೂ ಒಟ್ಟಿಗೆ ಕೇಳುತ್ತ ಕೂತ. ತುಂಗಮ್ಮ ಪದ್ಯ ನಿಲ್ಲಿಸಲಿಲ್ಲ. ಮಿಕ್ಸಿ ನಿಂತು, ದೀಪಗಳು ಹತ್ತಿ, ಶ್ರುತಿ ಮೆಲ್ಲಗೆ ತಿರುಗಿ ಬಂದಾಗ ಅವರು ಆರನೇ ಪದ್ಯದಲ್ಲಿದ್ದರು. ಶ್ರುತಿ ಬಂದು ಅವರ ದನಿಯ ಪಕ್ಕದಲ್ಲೇ ಕೂತಿತು. ಸ್ವಲ್ಪ ಹೊತ್ತಿಗೆ ತಿಪ್ಪಮ್ಮ, ಸೆರಗಿಗೆ ಅಂಟಿದ ಪುಡಿ ಕೊಡವುತ್ತ ಬಂದು, ಮೆಟ್ಟಿಲ ಮೇಲೆ ಫರ್ಹಾನಾಳ ಅಮ್ಮನನ್ನು ಒಂದಿಷ್ಟು ಆಚೆ ಸರಿಯಲು ಹೇಳಿ ಕೂತಳು.